ಹೊಸ ಡೆಬಿಯನ್, ನಾಲ್ಕು ಜಿಬಿ ಲ್ಯಾಪ್‌ಟಾಪು, ಸಂಜೆ ಏಳರ ತೊಡಕು

‘ಕಾಕಾ, ಮುಂಜಾನೆ ಚಲೋನ ಇರತೈತ್ರಿ. ಸಂಜಿ ಏಳು ಗಂಟೆ ಆತಂದ್ರ ಮೌಸಿನ ಬಾಣ ಸೈತ ಅಲ್ಲಾಡಂಗಿಲ್ಲ. ಹೊಸಾದು ಹಾಕ್ಕೊಂಡಿದ್ದ ತಪ್ಪಾತೇನು? ವಾಪಸ್ ಹಳೇದ ಹಾಕಿಬಿಡೂಣೇನ್ರಿ?’

ಅಣ್ಣನ ಮಗಳ ಫೋನು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಹತ್ತಿರ ಇರುವುದು ಹನ್ನೊಂದು ಇಂಚಿನ ಪುಟ್ಟ ಲ್ಯಾಪ್‌ಟಾಪು. ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, ಎರಡೇ ಕೋರು, 4 ಜಿಬಿ ಮೆಮೊರಿ, ಡಿಸ್ಕಿನ ಬದಲಿಗೆ 64 ಜಿಬಿಯ ಇಎಂಎಂಸಿ ಎಂಬ ಅಗ್ಗದ ಚಿಪ್ಪು. ಮೆಮೊರಿ ಬೋರ್ಡಿಗೆ ಬೆಸುಗೆಯಾಗಿಯೇ ಬಂದಿದೆ, ಇನ್ನೊಂದು ಪಟ್ಟಿ ಸಿಗಿಸುತ್ತೇನೆಂದರೆ ಸ್ಲಾಟೇ ಇಲ್ಲ. ಎರಡು ವರ್ಷದ ಹಿಂದೆ ಅದಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿಕೊಟ್ಟವನು ನಾನು. 13ಕ್ಕೆ ಏರಿಸಿಕೊಂಡವಳು ಅವಳೇ, ನನ್ನನ್ನು ಕೇಳದೆ. ಕೇಳದೆ ಮಾಡಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು ಅನ್ನಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥ ಫೋನುಗಳು ನನಗೆ ಹೆಚ್ಚಾಗಿವೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಕೇಳುತ್ತದೆ, ಹಳೆಯ ಪ್ರೊಸೆಸರ್‌ಗಳನ್ನು ಒಳಗೆ ಬಿಡುವುದಿಲ್ಲ. ಕೈಯಲ್ಲಿರುವ ಯಂತ್ರ ಗಟ್ಟಿಯಾಗಿದೆ, ಎಸೆಯಲು ಮನಸ್ಸಿಲ್ಲ, ಲಿನಕ್ಸ್ ಹಾಕಿಸಿಕೊಳ್ಳುತ್ತಾರೆ. ಆರೇಳು ತಿಂಗಳು ಕಳೆದ ಮೇಲೆ ‘ಹೊಸ ರಿಲೀಸ್ ಬಂದಿದೆ’ ಎಂಬ ಸೂಚನೆ ಕಾಣುತ್ತದೆ, ಒತ್ತುತ್ತಾರೆ, ಮುಂದೆ ಏನೇ ಎಡವಟ್ಟಾದರೂ ದೂರು ಒಂದೇ: ಹೊಸದು ಭಾರ. ಈ ‘ಭಾರ’ ಅನ್ನುವುದು ಎಲ್ಲಿ ಕೂತಿರುತ್ತದೆ ಎಂದು ಯಾರೂ ಹುಡುಕಲು ಹೋಗುವುದಿಲ್ಲ.

ಲಿನಕ್ಸ್ ಎಂದರೆ ಕಟ್ಟುನಿಟ್ಟಾಗಿ ಹೇಳುವುದಾದರೆ ಕರ್ನಲ್ ಮಾತ್ರ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಪ್ರೊಸೆಸರ್, ಮೆಮೊರಿ, ಡಿಸ್ಕು, ವೈಫೈ ಇವನ್ನೆಲ್ಲ ಕಾರ್ಯಕ್ರಮಗಳಿಗೆ (ಪ್ರೋಗ್ರಾಮುಗಳಿಗೆ) ಹಂಚಿಕೊಡುವ ಒಳಗಿನ ಕಾರಭಾರಿ ಅದು. ಅದರ ಹೊಸ ಆವೃತ್ತಿ ಎರಡು–ಎರಡೂವರೆ ತಿಂಗಳಿಗೊಂದು ಬರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ನಮಗೆ ಕಾಣುವ ‘ರಿಲೀಸ್’ ಡಿಸ್ಟ್ರಿಬ್ಯೂಷನ್‌ನದು: ಒಂದು ಕರ್ನಲ್, ಒಂದು ಡೆಸ್ಕ್‌ಟಾಪು (ಕಿಟಕಿ, ಮೆನು ತೋರಿಸುವ ತಂತ್ರಾಂಶ), ಬ್ರೌಸರು, ಆಫೀಸು, ಫಾಂಟು, ಹೀಗೆ ಸಾವಿರಾರು ಪ್ಯಾಕೇಜುಗಳನ್ನು ಒಂದಕ್ಕೊಂದು ಹೊಂದುವಂತೆ ಪರೀಕ್ಷೆ ಮಾಡಿ ಕಟ್ಟಿದ ಗಂಟು. ಉಬುಂಟುವಿನ ಗಂಟು ಯುಗಾದಿಗೆ ಪಂಚಾಂಗ ಬಂದ ಹಾಗೆ, ತಪ್ಪದೆ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವುದಕ್ಕೆ ಐದು ವರ್ಷದ ಬೆಂಬಲವಿರುತ್ತದೆ. ಡೆಬಿಯನ್ ಮಾತ್ರ ಮುಂಗಾರಿನ ಜಾತಿ: ಸಾಧಾರಣ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆದರೆ ತಯಾರಾದಾಗಲೇ ಬರುತ್ತದೆ. ಟ್ರಿಕ್ಸಿ ಎಂಬ ಅಡ್ಡಹೆಸರಿನ ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು, 6.12 ಕರ್ನಲ್ ಜೊತೆಗೆ. ಮೂರು ವರ್ಷ ಪೂರ್ತಿ ಬೆಂಬಲ, ಮುಂದೆ ಎರಡು ವರ್ಷ ಭದ್ರತೆಯ ತೇಪೆ.

ಸಣ್ಣ ಯಂತ್ರದವರು ಏರಿಸುವ ಮೊದಲೇ ನೋಡಿಕೊಳ್ಳಬೇಕಾದದ್ದು ಒಂದಿದೆ. ಹಳೆಯ ಆಟಂ ನೆಟ್‌ಬುಕ್‌ಗಳಲ್ಲಿ ಕೆಲವು ಶುದ್ಧ 32 ಬಿಟ್ಟಿನವು. ಡೆಬಿಯನ್ 13 ಅಂಥ ಯಂತ್ರಕ್ಕೆ ಕರ್ನಲ್ಲನ್ನೂ ಕೊಡುವುದಿಲ್ಲ, ಇನ್‌ಸ್ಟಾಲರನ್ನೂ ಕೊಡುವುದಿಲ್ಲ. ಅವು 12ರಲ್ಲೇ ನಿಲ್ಲಬೇಕು, ಅದಕ್ಕೆ 2028ರ ಜೂನ್‌ವರೆಗೆ ಭದ್ರತೆಯ ತೇಪೆ ಸಿಗುತ್ತದೆ. ಮತ್ತೆ 11ರಿಂದ ಸೀದಾ 13ಕ್ಕೆ ಹಾರುವ ಹಾಗಿಲ್ಲ, 12ಕ್ಕೆ ಕಾಲಿಟ್ಟೇ ದಾಟಬೇಕು.

ಭಾರದ ಮಾತಿಗೆ ಬರೋಣ. ಕರ್ನಲ್ ಹೊಸದಾದ ಮಾತ್ರಕ್ಕೆ ಲ್ಯಾಪ್‌ಟಾಪು ಏದುಸಿರು ಬಿಡುವುದಿಲ್ಲ. ತೂಕ ಇರುವುದು ಡೆಸ್ಕ್‌ಟಾಪಿನಲ್ಲಿ, ಅದಕ್ಕಿಂತ ಎಷ್ಟೋ ಹೆಚ್ಚು ಬ್ರೌಸರಿನಲ್ಲಿ. ಇದೇ ಡೆಬಿಯನ್ 13ನ್ನು ಗ್ನೋಮ್ ಡೆಸ್ಕ್‌ಟಾಪಿನ ಜೊತೆ ಹಾಕಿದರೆ ಲಾಗಿನ್ ಆಗುತ್ತಲೇ ಒಂದು ಜಿಬಿಗಿಂತ ಹೆಚ್ಚು ಮೆಮೊರಿ ಹೋಗಿರುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪು ಹಾಕಿದ ನನ್ನ ಅಣ್ಣನ ಮಗಳ ಯಂತ್ರದಲ್ಲಿ ಅದು ಏಳುನೂರು ಎಂಬಿ ಸುತ್ತಮುತ್ತ. ಉಳಿಯುವ ಮೂರು ಜಿಬಿಯನ್ನು ಬ್ರೌಸರಿನ ಹತ್ತು ಟ್ಯಾಬು ತಿಂದು ಮುಗಿಸುತ್ತವೆ. ಹಾಗಾಗಿ ‘ಯಾವ ಲಿನಕ್ಸ್ ಹಗುರ’ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುವವರನ್ನು ಕಂಡರೆ ನನಗೆ ನಗು. ಇನ್ನೂರು ಎಂಬಿ ಉಳಿಸಲು ಡಿಸ್ಟ್ರಿಬ್ಯೂಷನ್ ಬದಲಿಸುತ್ತಾರೆ, ಅದನ್ನು ಒಂದು ವಿಡಿಯೋ ಟ್ಯಾಬಿಗೆ ದಾನ ಮಾಡುತ್ತಾರೆ.

ಫೋನಿನಲ್ಲೇ ಅವಳಿಗೆ ಟರ್ಮಿನಲ್ ತೆರೆದು ‘ಫ್ರೀ’ ಆಜ್ಞೆ ಕೊಡಲು ಹೇಳಿದೆ. ಮೆಮೊರಿಯ ಲೆಕ್ಕ ತೋರಿಸುವ ಆಜ್ಞೆ ಅದು. ಅವಳು ಓದಿದ್ದು ‘ಫ್ರೀ’ ಎಂಬ ಕಾಲಮ್ಮು. ಎಲ್ಲರೂ ಅದನ್ನೇ ಓದಿ ಹೌಹಾರುತ್ತಾರೆ, ಏಕೆಂದರೆ ಅಲ್ಲಿ ಯಾವಾಗಲೂ ಚಿಲ್ಲರೆ ಅಂಕಿಯೇ ಇರುತ್ತದೆ. ನೋಡಬೇಕಾದದ್ದು ಬಲತುದಿಯ ‘ಅವೈಲಬಲ್’.

ಇವೆರಡರ ವ್ಯತ್ಯಾಸಕ್ಕೆ ನಮ್ಮ ಖಾನಾವಳಿಯ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಖಾಲಿ ಟೇಬಲ್ಲಿನ ಮೇಲೆ ಮಾಲೀಕ ರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಎಲ್ಲ ಹರವಿ ಇಟ್ಟಿರುತ್ತಾನೆ. ಒಳಗೆ ಹೋಗಿ ತರುವ ಓಡಾಟ ತಪ್ಪುತ್ತದೆ. ಗಿರಾಕಿ ಬಂದರೆ ಒಂದೇ ಕೈಯಲ್ಲಿ ಎತ್ತಿ ಜಾಗ ಕೊಡುತ್ತಾನೆ. ಕರ್ನಲ್ಲೂ ಹಾಗೆಯೇ: ಡಿಸ್ಕಿನಿಂದ ಒಮ್ಮೆ ಓದಿದ ಫೈಲುಗಳ ಪ್ರತಿಯನ್ನು ಖಾಲಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಯಾರಾದರೂ ಜಾಗ ಕೇಳಿದರೆ ತಕ್ಷಣ ತೆರವು ಮಾಡುತ್ತದೆ. ಆ ತೆರವಾಗಬಲ್ಲ ಜಾಗವನ್ನೂ ಸೇರಿಸಿ ಅಂದಾಜು ಮಾಡಿದ ಅಂಕಿ ‘ಅವೈಲಬಲ್’. ಕರ್ನಲ್ ಇದನ್ನು ತಾನೇ ಲೆಕ್ಕಹಾಕಿ ಹೇಳತೊಡಗಿದ್ದು 2014ರ 3.14 ಆವೃತ್ತಿಯಿಂದ. ಅದಕ್ಕೂ ಹಿಂದೆ ನಾವೆಲ್ಲ ಕೂಡಿ ಕಳೆದು ಊಹೆ ಮಾಡುತ್ತಿದ್ದೆವು.

‘ಅವೈಲಬಲ್‌ದಾಗ ಎಷ್ಟೈತಿ?’

‘ಎರಡು ಪಾಯಿಂಟ್ ಮೂರು ಅಂತ ಬರಾಕತ್ತೈತ್ರಿ.’

ಬೆಳಗಿನ ಹತ್ತು ಗಂಟೆ. 2.3 ಜಿಬಿ ಬಾಕಿ. ಯಂತ್ರಕ್ಕೆ ಏನೂ ಆಗಿಲ್ಲ. ಸಂಜೆಯ ಹೊತ್ತಿಗೆ ನಾನೇ ಬರುತ್ತೇನೆ ಎಂದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ.

ಮೆಮೊರಿ ನಿಜವಾಗಿಯೂ ಮುಗಿದಾಗ ಏನಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮೌಸಿನ ಬಾಣ ನಿಲ್ಲುವ ಗುಟ್ಟು ಅದರಲ್ಲಿದೆ. ಕರ್ನಲ್ ಮೊದಲು ಟೇಬಲ್ಲಿನ ಮೇಲೆ ಹರವಿದ್ದನ್ನು ಎತ್ತುತ್ತದೆ. ಅದೂ ಮುಗಿದ ಮೇಲೆ, ಸದ್ಯ ಓಡುತ್ತಿರುವ ಕಾರ್ಯಕ್ರಮಗಳ ಕೋಡಿಗೇ ಕೈಹಾಕುತ್ತದೆ. ಕೋಡು ಡಿಸ್ಕಿನಲ್ಲಿ ಹೇಗೂ ಇದೆಯಲ್ಲ, ಬೇಕಾದಾಗ ಮತ್ತೆ ಓದಿದರಾಯಿತು ಎಂಬ ಲೆಕ್ಕ. ಆದರೆ ಬಾಣವನ್ನು ಸರಿಸುವ ಕೋಡೂ ಕಾರ್ಯಕ್ರಮವೇ. ಅದನ್ನು ಹೊರಗೆ ಹಾಕಿ, ಮರುಕ್ಷಣ ಬೇಕಾಗಿ ಓದಿ, ಅದಕ್ಕೆ ಜಾಗ ಮಾಡಲು ಬ್ರೌಸರಿನ ಕೋಡನ್ನು ಹೊರಗೆ ಹಾಕಿ, ಅದೂ ಬೇಕಾಗಿ ಮತ್ತೆ ಓದಿ… ಇಎಂಎಂಸಿ ಎಂಬುದು ಎಸ್‌ಎಸ್‌ಡಿಯ ಬಡ ತಮ್ಮ, ಈ ಎಳೆದಾಟಕ್ಕೆ ಅದು ತಾಳುವುದಿಲ್ಲ. ಕೊನೆಗೆ ಕರ್ನಲ್ ಕೈಚೆಲ್ಲಿ ಯಾವುದಾದರೂ ದೊಡ್ಡ ಕಾರ್ಯಕ್ರಮವನ್ನು ಕೊಂದು ಜಾಗ ಮಾಡುತ್ತದೆ, ಆದರೆ ಆ ತೀರ್ಮಾನಕ್ಕೆ ಬರಲು ಅದಕ್ಕೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ನಾವು ಪವರ್ ಬಟನ್ ಒತ್ತಿ ಹಿಡಿದಿರುತ್ತೇವೆ. ‘ಅರ್ಲಿಊಮ್’ ಎಂಬ ಪುಟ್ಟ ಪ್ಯಾಕೇಜು ಹಾಕಿಕೊಂಡರೆ ಮೆಮೊರಿ, ಸ್ವಾಪ್ (ಮೆಮೊರಿ ಸಾಲದಾಗ ಪುಟಗಳನ್ನು ಸಾಗಿಸಿಡುವ ಜಾಗ, ಸಾಮಾನ್ಯವಾಗಿ ಡಿಸ್ಕಿನಲ್ಲಿ) ಎರಡೂ ಶೇಕಡ ಹತ್ತಕ್ಕಿಂತ ಕೆಳಗಿಳಿದ ಕೂಡಲೇ ಅದೇ ಕ್ರಮ ಕೈಗೊಳ್ಳುತ್ತದೆ. ಒಂದು ಟ್ಯಾಬು ಹೋಗುತ್ತದೆ, ಯಂತ್ರ ಉಳಿಯುತ್ತದೆ.

‘ಸ್ವಾಪ್ ತೆಗೆದುಹಾಕಿ, ಇಎಂಎಂಸಿ ಸವೆಯುತ್ತದೆ’ ಎಂಬ ಉಪದೇಶವನ್ನು ಬಹಳ ಜನ ಕೊಡುತ್ತಾರೆ. ಸವೆತ ನಿಜ. ಆದರೆ ಸ್ವಾಪ್ ಇಲ್ಲದಿದ್ದರೂ ಮೇಲೆ ಹೇಳಿದ ಎಳೆದಾಟ ತಪ್ಪುವುದಿಲ್ಲ, ಕೋಡಿನದು ನಡೆದೇ ನಡೆಯುತ್ತದೆ. ನಡುದಾರಿ ಝಡ್‌ರ‍್ಯಾಮ್.

ನಾನು ಬೆಳೆದದ್ದು ಬ್ಯಾಡಗಿ ಕಡೆ. ಸುಗ್ಗಿಯಲ್ಲಿ ಒಣಮೆಣಸಿನಕಾಯಿ ಚೀಲ ತುಂಬುವುದನ್ನು ನೋಡಿದವರಿಗೆ ಝಡ್‌ರ‍್ಯಾಮ್ ವಿವರಿಸುವುದೇ ಬೇಡ. ಸುಕ್ಕು ಸುಕ್ಕಾದ ಕಾಯಿಯ ಹೊಟ್ಟೆಯಲ್ಲಿ ಬರೀ ಗಾಳಿ. ಹಾಗೇ ಸುರಿದರೆ ಚೀಲ ಅರ್ಧ ಕಾಯಿಗೇ ತುಂಬುತ್ತದೆ. ಆಳು ಚೀಲದೊಳಗೆ ಇಳಿದು ತುಳಿಯುತ್ತಾನೆ, ಇನ್ನೊಂದು ಬುಟ್ಟಿ ಸುರಿಯುತ್ತಾರೆ, ಮತ್ತೆ ತುಳಿಯುತ್ತಾನೆ. ಝಡ್‌ರ‍್ಯಾಮ್ ಮೆಮೊರಿಯ ಒಂದು ಭಾಗವನ್ನೇ ಇಂಥ ಚೀಲ ಮಾಡುತ್ತದೆ. ಸ್ವಲ್ಪ ಹೊತ್ತಿನಿಂದ ಯಾರೂ ಮುಟ್ಟದ ಮೆಮೊರಿಯ ಪುಟಗಳನ್ನು, ಎಂದರೆ ತುಣುಕುಗಳನ್ನು, ಡಿಸ್ಕಿಗೆ ಕಳಿಸುವ ಬದಲು ಅಲ್ಲಿಯೇ ಒತ್ತಿ ತುಂಬುತ್ತದೆ. ಕಾರ್ಯಕ್ರಮಗಳ ಸಾಮಾನ್ಯ ಡೇಟಾದಲ್ಲಿ ಸೊನ್ನೆಗಳು, ಪುನರಾವರ್ತನೆ ಬೇಕಾದಷ್ಟು. ಎರಡರಿಂದ ಮೂರು ಪಟ್ಟು ಒತ್ತಿಸಿಕೊಳ್ಳುತ್ತದೆ. ಪ್ರೊಸೆಸರಿಗೆ ತುಸು ದುಡಿಮೆ, ಇಎಂಎಂಸಿಗೆ ಪೂರ್ತಿ ಆರಾಮು. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರಿಬ್ಯೂಷನ್‌ನಲ್ಲಿ 2020ರಿಂದ ಇದು ತಾನಾಗಿಯೇ ಇರುತ್ತದೆ. ಡೆಬಿಯನ್‌ನಲ್ಲಿ ನಾವೇ ಪ್ಯಾಕೇಜು ಹಾಕಿಕೊಳ್ಳಬೇಕು. ಅವಳ ಯಂತ್ರಕ್ಕೆ ಹಾಕಿಯೇ ಕೊಟ್ಟಿದ್ದೆ.

ಆದರೆ ಮೆಣಸಿನಕಾಯಿಯನ್ನು ಒಮ್ಮೆ ಕುಟ್ಟಿ ಖಾರದಪುಡಿ ಮಾಡಿ ತಂದರೆ? ಎಷ್ಟು ತುಳಿದರೂ ಚೀಲದಲ್ಲಿ ಜಾಗ ಹುಟ್ಟುವುದಿಲ್ಲ. ಈ ಮಾತು ಆವತ್ತು ಸಂಜೆ ನನಗೇ ತಿರುಗಿ ಬಂತು.

ಏಳು ಗಂಟೆಗೆ ಅವಳ ರೂಮಿನಲ್ಲಿ ಕೂತೆ. ಲೈಬ್ರರಿಯಿಂದ ಬಂದವಳು ಗೆಳತಿಯ ನೋಟ್ಸಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿದ್ದಳು, ನೂರು ಪುಟ. ಕೇಬಲ್ ಹಚ್ಚಿ, ಹಿಂದೆ ನಾನೇ ಬರೆದುಕೊಟ್ಟಿದ್ದ ಸ್ಕ್ರಿಪ್ಟು, ಎಂದರೆ ಆಜ್ಞೆಗಳ ಪುಟ್ಟ ಪಟ್ಟಿ, ಓಡಿಸಿದಳು. ಅದು ಒಂದೊಂದೇ ಫೋಟೊದ ಹಿನ್ನೆಲೆ ಬೆಳ್ಳಗೆ ಮಾಡಿ, ಕೊನೆಗೆ ಎಲ್ಲವನ್ನೂ ಒಂದು ಪಿಡಿಎಫ್ ಆಗಿ ಹೊಲಿಯುತ್ತದೆ. ಎಪ್ಪತ್ತನೆಯ ಪುಟದ ಹೊತ್ತಿಗೆ ಕಿಟಕಿಗಳು ತಡವರಿಸತೊಡಗಿದವು. ಬ್ರೌಸರ್ ಮುಚ್ಚಿಸಿ, ‘ಫ್ರೀ’ ಓಡಿಸಿದೆ. ಅವೈಲಬಲ್ 300 ಎಂಬಿ. ಸಾಮಾನ್ಯವಾಗಿ ನೂರಿನ್ನೂರು ಎಂಬಿಯಲ್ಲಿ ಇರುವ ‘ಶೇರ್ಡ್’ ಕಾಲಮ್ಮಿನಲ್ಲಿ ಒಂದು ಜಿಬಿಗೂ ಮಿಕ್ಕಿ.

ಶೇರ್ಡ್ ಉಬ್ಬಿದೆ ಎಂದರೆ ಯಾವನೋ ಫೈಲುಗಳನ್ನು ಮೆಮೊರಿಯಲ್ಲೇ ಇಟ್ಟಿದ್ದಾನೆ ಎಂದರ್ಥ. ಡಿಸ್ಕಿನ ಲೆಕ್ಕ ಹೇಳುವ ‘ಡಿಎಫ್’ ಆಜ್ಞೆ ಕೊಟ್ಟೆ. ಪಟ್ಟಿಯಲ್ಲಿ ಒಂದು ಸಾಲು ಮೊದಲು ಕಂಡಿರದದ್ದು: ತಾತ್ಕಾಲಿಕ ಫೈಲುಗಳ ‘ಟೆಂಪ್’ ಫೋಲ್ಡರು, ಅದರ ಜಾತಿ ‘ಟೆಂಪ್‌ಎಫ್‌ಎಸ್’, ಗಾತ್ರ 1.9 ಜಿಬಿ, ತುಂಬಿದ್ದು 1.5.

ಡೆಬಿಯನ್ 12ರವರೆಗೆ ಆ ಫೋಲ್ಡರು ಡಿಸ್ಕಿನ ಮೇಲೆ ಇರುತ್ತಿತ್ತು. 13ರಲ್ಲಿ ಅದನ್ನು ಮೆಮೊರಿಗೆ ಎತ್ತಿದ್ದಾರೆ. ಒಟ್ಟು ಮೆಮೊರಿಯ ಅರ್ಧದವರೆಗೆ ಅದು ಬೆಳೆಯಬಹುದು. 4 ಜಿಬಿಯ ಯಂತ್ರದಲ್ಲಿ ಗ್ರಾಫಿಕ್ಸಿಗೂ ಇತರೆಗೂ ಹೋಗಿ 3.7 ಉಳಿಯುತ್ತದೆ, ಅದರ ಅರ್ಧವೇ ಆ 1.9. ಮೊದಲೇ ಜಾಗ ಹಿಡಿದು ಕೂರುವುದಿಲ್ಲ, ಫೈಲು ಬಂದಷ್ಟೇ ಹಿಡಿಯುತ್ತದೆ. ತಾತ್ಕಾಲಿಕ ಫೈಲುಗಳು ಬಹುಪಾಲು ಚಿಕ್ಕವು, ಕ್ಷಣದಲ್ಲಿ ಹುಟ್ಟಿ ಸಾಯುವವು, ಅವನ್ನು ಡಿಸ್ಕಿಗೆ ಬರೆಯುವುದೇ ದಂಡ, ಮೆಮೊರಿಯಲ್ಲಿದ್ದರೆ ವೇಗವೂ ಹೌದು ಇಎಂಎಂಸಿಗೆ ಸವೆತವೂ ಇಲ್ಲ ಎಂಬುದು ಬದಲಾವಣೆಯ ಹಿಂದಿನ ವಿಚಾರ. ಫೆಡೋರಾ 2013ರಲ್ಲೇ ಇದನ್ನು ಮಾಡಿತ್ತು. ವಿಚಾರ ಸರಿಯಾಗಿಯೇ ಇದೆ. ರಿಲೀಸ್ ನೋಟ್ಸಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದೂ ಇದ್ದಾರೆ. ಓದದೆ ಬಿಟ್ಟವನು ನಾನು.

ನನ್ನ ಸ್ಕ್ರಿಪ್ಟು ಆ ಫೋಲ್ಡರಿನಲ್ಲೇ ಕೆಲಸ ಮಾಡುತ್ತಿತ್ತು. ಪುಟವೊಂದರ ಫೋಟೊ ನಾಲ್ಕೈದು ಎಂಬಿ, ಬೆಳ್ಳಗೆ ಮಾಡಿದ ಪಿಎನ್‌ಜಿ ಪ್ರತಿ ಇನ್ನೊಂದು ಹತ್ತು. ನೂರು ಪುಟಕ್ಕೆ ಒಂದೂವರೆ ಜಿಬಿ. ಡೆಬಿಯನ್ 12ರಲ್ಲಿ ಅದು ಡಿಸ್ಕಿನ ಮೂಲೆಯಲ್ಲಿ ಬಿದ್ದಿರುತ್ತಿತ್ತು, ಮರುದಿನ ಬೂಟ್ ಆಗುವಾಗ ಅಳಿಸಿಹೋಗುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಈಗ ಅದೇ ರಾಶಿ ಅವಳ ಮೆಮೊರಿಯ ಮೇಲೆ. ಝಡ್‌ರ‍್ಯಾಮ್ ಕಾಪಾಡಬೇಕಿತ್ತಲ್ಲ ಎಂದರೆ, ಮೆಮೊರಿಯಲ್ಲಿರುವ ಈ ಫೈಲುಗಳೂ ಆ ಚೀಲಕ್ಕೆ ಹೋಗಬಹುದು, ಹೋಗಿದ್ದವು ಕೂಡ. ಆದರೆ ಜೆಪೆಗ್, ಪಿಎನ್‌ಜಿ ಎರಡೂ ಮೊದಲೇ ಒತ್ತಿಟ್ಟ ಡೇಟಾ. ಚೀಲಕ್ಕೆ ಹೋದದ್ದೆಷ್ಟು, ಒತ್ತಿದ ಮೇಲೆ ಉಳಿದದ್ದೆಷ್ಟು ಎಂದು ನೋಡಿದರೆ ಎರಡೂ ಅಂಕಿ ಹತ್ತಿರ ಹತ್ತಿರ. ಖಾರದಪುಡಿ. ಸಂಜೆ ಸಿಕ್ಕಿಕೊಂಡ ಯಂತ್ರವನ್ನು ಅವಳು ಬಟನ್ ಒತ್ತಿ ಆರಿಸುತ್ತಿದ್ದಳು, ಮೆಮೊರಿ ತೊಳೆದುಹೋಗುತ್ತಿತ್ತು, ಹಾಗಾಗಿ ‘ಮುಂಜಾನೆ ಚಲೋನ’.

ಪರಿಹಾರ ಎರಡಿದ್ದವು. ‘ಟೆಂಪ್ ಡಾಟ್ ಮೌಂಟ್’ ಎಂಬ ಘಟಕವನ್ನು ಸಿಸ್ಟಮ್‌ಸಿಟಿಎಲ್ ಆಜ್ಞೆಯಿಂದ ಮಾಸ್ಕ್ ಮಾಡಿ (ಏಳದಂತೆ ತಡೆದು) ಮರುಬೂಟ್ ಮಾಡಿದರೆ ಫೋಲ್ಡರು ಡಿಸ್ಕಿಗೇ ಮರಳುತ್ತದೆ. ನಾನು ಹಾಗೆ ಮಾಡಲಿಲ್ಲ. ತಪ್ಪು ಸ್ಕ್ರಿಪ್ಟಿನದು. ದೊಡ್ಡ ತಾತ್ಕಾಲಿಕ ಫೈಲುಗಳಿಗೆಂದೇ ‘ವಾರ್’ ಫೋಲ್ಡರಿನ ಒಳಗೆ ಇನ್ನೊಂದು ‘ಟೆಂಪ್’ ಇದೆ, ಅದು ಡಿಸ್ಕಿನ ಮೇಲೆಯೇ ಇರುತ್ತದೆ. ಸ್ಕ್ರಿಪ್ಟಿನ ದಾರಿಯನ್ನು ಅಲ್ಲಿಗೆ ತಿರುಗಿಸಿ, ಕೆಲಸ ಮುಗಿದ ಮೇಲೆ ಗುಡಿಸುವ ಒಂದು ಸಾಲನ್ನೂ ಸೇರಿಸಿದೆ. ಎರಡು ವರ್ಷದ ಹಿಂದೆಯೇ ಸೇರಿಸಬೇಕಿದ್ದ ಸಾಲು.

ಚಹಾ ಬರುವಷ್ಟರಲ್ಲಿ ಡಿಸ್ಕನ್ನೂ ಗುಡಿಸಿದೆವು. 64 ಜಿಬಿ ಎಂದು ಡಬ್ಬಿಯ ಮೇಲೆ ಬರೆದದ್ದು ಸಾವಿರದ ಲೆಕ್ಕ, ಯಂತ್ರ ಎಣಿಸುವುದು 1024ರ ಲೆಕ್ಕ, ಹಾಗಾಗಿ ಅರವತ್ತರ ಒಳಗೇ ಸಿಗುತ್ತದೆ. ಏರಿಸುವಾಗ ಇಳಿಸಿಕೊಂಡ ಪ್ಯಾಕೇಜುಗಳ ರಾಶಿಯನ್ನು ‘ಆಪ್ಟ್ ಕ್ಲೀನ್’ ತೆಗೆಯಿತು, ಹಳೆಯ ಕರ್ನಲ್‌ಗಳನ್ನು ‘ಆಟೋರಿಮೂವ್’. ಈಗಿನ ಕರ್ನಲ್‌ನ ಜೊತೆ ಹಿಂದಿನದೊಂದನ್ನು ಉಳಿಸಿಕೊಳ್ಳಿ, ಹೊಸದು ಮುನಿಸಿಕೊಂಡ ದಿನ ಬೂಟ್ ಮೆನುವಿನಿಂದ ಹಳೆಯದನ್ನು ಆರಿಸಿ ಒಳಗೆ ಬರಬಹುದು. ವೈಫೈ ಬಗ್ಗೆ ಅವಳಿಗೆ ತೊಂದರೆ ಇರಲಿಲ್ಲ. ವೈಫೈ ಚಿಪ್ಪಿಗೆ ಬೇಕಾದ ಮುಚ್ಚಿದ ಫರ್ಮ್‌ವೇರನ್ನು ಇನ್‌ಸ್ಟಾಲರ್ ಜೊತೆಗೇ ಕೊಡಲು ಡೆಬಿಯನ್‌ನವರು 2022ರಲ್ಲಿ ಮತ ಹಾಕಿ ತೀರ್ಮಾನಿಸಿದ ಮೇಲೆ ಆ ಗೋಳು ಬಹಳ ಕಡಿಮೆಯಾಗಿದೆ. ಆದರೂ ಯಾರದಾದರೂ ವೈಫೈ ಏಳದಿದ್ದರೆ ಮೊಬೈಲನ್ನು ಕೇಬಲ್ಲಿನಲ್ಲಿ ಹಚ್ಚಿ ಯುಎಸ್‌ಬಿ ಟೆದರಿಂಗ್ ಹಾಕಿ, ನೆಟ್ಟು ಅಲ್ಲಿಂದ ಬರುತ್ತದೆ.

ಕನ್ನಡದ್ದೊಂದು ತಕರಾರು ಅವಳಲ್ಲಿತ್ತು. ಟೈಪಿಂಗಿನದಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲೇ ಕನ್ನಡದ ಕಗಪ ವಿನ್ಯಾಸ ಇದೆ, ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಅದು ತಕ್ಷಣ ಒಗ್ಗುತ್ತದೆ. ತಕರಾರು ಅವರಪ್ಪ, ಎಂದರೆ ನನ್ನಣ್ಣ ಕಳಿಸಿದ ಫೈಲಿನದು. ಅಣ್ಣನದು ಗದಗಿನಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಹಳೆಯ ನುಡಿ ಫಾಂಟಿನಲ್ಲಿ ಕಂಪೋಜ್ ಮಾಡಿದ ಪ್ರಶ್ನೋತ್ತರಗಳನ್ನು ಮಗಳಿಗೆ ಕಳಿಸಿದ್ದ. ಲಿಬ್ರೆಆಫೀಸಿನಲ್ಲಿ ತೆರೆದರೆ ಟೋಪಿ ಹಾಕಿದ, ಚುಕ್ಕಿ ಇಟ್ಟ ರೋಮನ್ ಅಕ್ಷರಗಳ ಜಾತ್ರೆ. ಅವಳು ಇದನ್ನೂ ಹೊಸ ರಿಲೀಸಿನ ತಲೆಗೆ ಕಟ್ಟಿದ್ದಳು. ಆ ಫೈಲಿನಲ್ಲಿ ಕನ್ನಡವೇ ಇಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಇಟ್ಟ ಫಾಂಟೊಂದು ಅಣ್ಣನ ಯಂತ್ರದಲ್ಲಿದೆ, ಇವಳಲ್ಲಿ ಇಲ್ಲ. ಅದನ್ನೇ ಹಾಕಿದರೆ ಕಣ್ಣಿಗೆ ಕಾಣುತ್ತದೆ, ಆದರೆ ‘ಕದಂಬ’ ಎಂದು ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದೊಂದೇ ದಾರಿ. ಪರಿವರ್ತನೆಯಲ್ಲಿ ಅರ್ಕಾವತ್ತು ಅಲ್ಲಲ್ಲಿ ಎಡವುತ್ತದೆ, ಒಮ್ಮೆ ಕಣ್ಣಾಡಿಸಬೇಕು.

ಹೊರಡುವ ಮುಂಚೆ ಒಂದು ನೆನಪಾಯಿತು. ಹಳೆಯ ಫೋಲ್ಡರಿನ ಮೇಲೆ ಹೊಸದನ್ನು ಮೌಂಟ್ ಮಾಡಿದರೆ (ಅದೇ ಜಾಗಕ್ಕೆ ಜೋಡಿಸಿದರೆ) ಕೆಳಗಿನದು ಅಳಿಯುವುದಿಲ್ಲ, ಹಾಸಿದ ಜಮಖಾನೆಯ ಅಡಿಯಲ್ಲಿ ಬಿದ್ದಂತೆ ಮರೆಯಾಗುತ್ತದೆ. 13ಕ್ಕೆ ಏರಿಸಿ ಮೊದಲ ಸಲ ಬೂಟ್ ಮಾಡಿದ ದಿನ ಹಳೆಯ ‘ಟೆಂಪ್’ನಲ್ಲಿ ಏನಿತ್ತೋ ಅದು ಇನ್ನೂ ಇಎಂಎಂಸಿಯ ಮೇಲೆ ಇರಬೇಕು. ಮಾಸ್ಕ್ ಮಾಡಿ ಮರುಬೂಟ್ ಮಾಡಿದ್ದರೆ ಬೂಟಿನ ಹೊತ್ತಿಗೇ ಗುಡಿಸಿಹೋಗುತ್ತಿತ್ತು. ಮೂಲ ಡಿಸ್ಕನ್ನು ಬೈಂಡ್ ಮೌಂಟ್ ಮಾಡಿ ಬೇರೆ ಜಾಗದಿಂದ ಇಣುಕಿದೆ. ಒಂದು ಜಿಬಿಯ ಮೇಲೆ ಫೋಟೊಗಳು. ಪಿಡಿಎಫ್ ಆಗುವ ಮೊದಲೇ ನಿಂತುಹೋದ ಒಂದು ನೋಟ್ಸು.

‘ಅಯ್ಯ, ಇದು ಹಾವೇರಿ ಅಕ್ಕಾರದ್ರಿ ಕಾಕಾ! ನೋಟ್‌ಬುಕ್ಕ ವಾಪಸ್ ಕೊಟ್ಟಬಿಟ್ಟಿದ್ದೆ. ಫೋಟೊ ಎಲ್ಲಾ ಹೋದುವು ಅಂತ ಮತ್ತ ಕೇಳಾಕ ಮುಖ ಇದ್ದಿದ್ದಿಲ್ಲ.’

ತಿದ್ದಿದ ಸ್ಕ್ರಿಪ್ಟಿಗೆ ಆ ಫೋಟೊಗಳನ್ನೇ ಮೊದಲು ಕೊಟ್ಟೆವು. ತೊಂಬತ್ನಾಲ್ಕು ಪುಟ. ಅದು ಓಡುತ್ತಿರುವಾಗಲೇ ಅವಳು ಬ್ರೌಸರಿನಲ್ಲಿ ಕರೆಂಟ್ ಅಫೇರ್ಸ್ ತೆರೆದು ಕೂತಳು.